ಹಳದಿ ಗುರುತಿನ ಕಾಟಕ್ಕೆ ಐದು ವರ್ಷದ ಜೊತೆಗಾರ: ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಒರಿಜಿನ್

ನೆಂಟರಲ್ಲಿ ಯಾರದೇ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಬೇಕಿದ್ದರೂ ಅದು ನನ್ನ ಮೇಜಿಗೇ ಬರುತ್ತದೆ. ವಿಂಡೋಸ್ ಹಾಕುವುದು ಕಷ್ಟವಲ್ಲ. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದಾಗ ಕಾಣುವ ಹಳದಿ ಗುರುತುಗಳೇ ತಲೆನೋವು. ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇಲ್ಲ ಅಂತ ಅದರ ಅರ್ಥ. ಅದಕ್ಕೆಂದೇ ಬೇಕಾದ ಡ್ರೈವರ್ ಹುಡುಕಿ ಹಾಕುವ ಈ ಸಾಫ್ಟ್‌ವೇರ್ ಐದು ವರ್ಷದಿಂದ ನನ್ನ ಪೆನ್‌ಡ್ರೈವ್‌ನಲ್ಲಿದೆ. ಉಚಿತ, ಜಾಹೀರಾತಿಲ್ಲ, ಇನ್‌ಸ್ಟಾಲ್ ಕೂಡ ಮಾಡಬೇಕಿಲ್ಲ.

ಮೊದಲ ಸಲ ತೆರೆದಾಗ ಕೇಳುತ್ತದೆ: ಎಲ್ಲ ಡ್ರೈವರ್ ಪ್ಯಾಕ್ ಬೇಕಾ, ನೆಟ್‌ವರ್ಕ್‌ನದ್ದು ಮಾತ್ರ ಸಾಕಾ, ಬರೀ ಇಂಡೆಕ್ಸಾ (ಯಾವ ಪ್ಯಾಕ್‌ನಲ್ಲಿ ಏನಿದೆ ಎಂಬ ಪಟ್ಟಿ)? ಆಸೆಬಿದ್ದು ಎಲ್ಲವನ್ನೂ ಇಳಿಸಿದ್ದೆ. ಹತ್ತಾರು ಜಿಬಿ! ಅದರಲ್ಲಿ ಮುಟ್ಟಿದ್ದು ನಾಲ್ಕೈದು ಪ್ಯಾಕ್ ಅಷ್ಟೆ. ನೆಟ್‌ವರ್ಕ್ ಪ್ಯಾಕ್ ಒಂದಿದ್ದರೆ ಸಾಕು. ವೈಫೈ ಬಂತು ಅಂದರೆ ಉಳಿದದ್ದನ್ನು ನೆಟ್‌ನಿಂದ ಇಳಿಸಿಕೊಳ್ಳಬಹುದು.

ಆದರೆ ನಾನು ಇದನ್ನು ಜಾಸ್ತಿ ಬಳಸುವುದು ಡ್ರೈವರ್ ಹಾಕಲಿಕ್ಕಲ್ಲ, ಒಳಗಿರುವುದು ಏನು ಅಂತ ತಿಳಿಯಲಿಕ್ಕೆ. ಚಿಕ್ಕಪ್ಪನ ಅಂಗಡಿಯ ಎಚ್‌ಪಿ ಲ್ಯಾಪ್‌ಟಾಪ್ ನೋಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ಗಾಗಿ ಅದರಲ್ಲಿ ವಿಂಡೋಸ್ 7 ಹಾಕಲೇಬೇಕಿತ್ತು. ಒಂದು ಹಳದಿ ಗುರುತಿನ ಪಕ್ಕ 'ಪಿಸಿಐ ಸಿಂಪಲ್ ಕಮ್ಯುನಿಕೇಷನ್ಸ್ ಕಂಟ್ರೋಲರ್' ಅಂತಿತ್ತು. ಹೆಸರು ಕೇಳಿ ಮೋಡೆಮ್ ಅಂದುಕೊಂಡೆ. ಈ ಸಾಫ್ಟ್‌ವೇರ್‌ನಲ್ಲಿ ಅದರ ಮೇಲೆ ಮೌಸ್ ಇಟ್ಟರೆ, ಯಾವ ಕಂಪನಿಯ ಯಾವ ಭಾಗ ಎಂದು ಹೇಳುವ ಹಾರ್ಡ್‌ವೇರ್ ಐಡಿ ಕಾಣಿಸಿತು: ವೆಂಡರ್ 8086, ಡಿವೈಸ್ 1ಇ3ಎ. 8086 ಅಂದರೆ ಇಂಟೆಲ್. 1978ರಲ್ಲಿ ತಂದ ಪ್ರೊಸೆಸರ್‌ನ ನಂಬರನ್ನೇ ಕಂಪನಿ ತನ್ನ ಗುರುತಾಗಿ ಇಟ್ಟುಕೊಂಡಿದೆ, ಚೆನ್ನಾಗಿದೆ ಅಲ್ವಾ? 1ಇ3ಎ ಅಂದರೆ ಮ್ಯಾನೇಜ್‌ಮೆಂಟ್ ಎಂಜಿನ್, ಇಂಟೆಲ್ ಚಿಪ್‌ಸೆಟ್‌ನೊಳಗೇ ಇರುವ ಪುಟ್ಟ ನಿಯಂತ್ರಕ. ಮೋಡೆಮ್ ಹುಡುಕುತ್ತಾ ಕೂತಿದ್ದರೆ ಆ ದಿನ ಹಾಳು.

ವೈಫೈ ಐಡಿ 14ಇ4, 4365. ಅದು ಬ್ರಾಡ್‌ಕಾಮ್‌ನ ಬಿಸಿಎಂ43142. ಕೊನೆಯದು ಬರೀ 'ಅನ್‌ನೋನ್ ಡಿವೈಸ್'. ಐಡಿ ಉಳಿದವುಗಳಂತೆ ಪಿಸಿಐ ಅಂತ ಶುರುವಾಗದೆ ಎಸಿಪಿಐ (ಲ್ಯಾಪ್‌ಟಾಪ್‌ನ ಬಯೋಸ್ ವಿಂಡೋಸ್‌ಗೆ ತಿಳಿಸುವ ಭಾಗ), ಎಚ್‌ಪಿಕ್ಯೂ0004 ಅಂತಿತ್ತು. ಲ್ಯಾಪ್‌ಟಾಪ್ ಕೈಜಾರಿದರೆ ಹಾರ್ಡ್ ಡಿಸ್ಕ್ ಉಳಿಸುವ ಸೆನ್ಸರ್ ಅದು. ಚಿಕ್ಕಪ್ಪನಿಗೆ ವಿವರಿಸಿದೆ. "ಇದು ಗಲ್ಲಾಪೆಟ್ಟಿಗೆ ಪಕ್ಕ ಬಿಟ್ಟು ಕದಲೋದೇ ಇಲ್ವಲ್ಲೋ" ಅಂದರು. ಅಷ್ಟಕ್ಕೂ ಅದರಲ್ಲಿ ಆಗಲೇ ತಿರುಗುವ ಡಿಸ್ಕ್ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ್ದೆವು, ಸೆನ್ಸರ್‌ಗೆ ಕೆಲಸವೇ ಇಲ್ಲ. ಆದರೂ ಹಳದಿ ಗುರುತು ಕಣ್ಣಿಗೆ ಚುಚ್ಚುತ್ತೆ ಅಂತ ಡ್ರೈವರ್ ಹಾಕಿದೆ.

ಒಮ್ಮೆ ಮಾತ್ರ ಪೆಟ್ಟು ತಿಂದೆ, ತಪ್ಪು ನನ್ನದೇ. ನನ್ನ ಲ್ಯಾಪ್‌ಟಾಪ್‌ನಲ್ಲಿ 'ಹೊಸ ಆವೃತ್ತಿ ಇದೆ' ಎಂದು ತೋರಿಸಿದ್ದಕ್ಕೆಲ್ಲ ಸುಮ್ನೆ ಟಿಕ್ ಹಾಕಿದೆ. ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನ ಸ್ಕ್ರಾಲ್ ಹೋಯಿತು. ಚಿಪ್ ಒಂದೇ ಆದರೂ ಲ್ಯಾಪ್‌ಟಾಪ್ ಮಾಡಿದವರು ಡ್ರೈವರನ್ನು ತಮಗೆ ಬೇಕಾದಂತೆ ತಿದ್ದಿರುತ್ತಾರೆ. ಸೌಂಡ್ ಮತ್ತು ಟಚ್‌ಪ್ಯಾಡ್‌ನದ್ದನ್ನು ಅವರ ವೆಬ್‌ಸೈಟಿನಿಂದಲೇ ತರುವುದು ಒಳ್ಳೆಯದು. ಪುಣ್ಯಕ್ಕೆ ಹಿಂದಿನ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿಸಿದ್ದೆ, ಹತ್ತು ನಿಮಿಷದಲ್ಲಿ ಸರಿಹೋಯಿತು. ಈಗ ಡ್ರೈವರ್ ಇಲ್ಲದ್ದಕ್ಕೆ ಮಾತ್ರ ಟಿಕ್.

ಹೊಸಬರಿಗೆ ಸ್ಕ್ರೀನ್ ನೋಡಿದರೆ ಗಾಬರಿಯಾಗಬಹುದು. ಬಟನ್‌ಗಳು ಜಾಸ್ತಿ, ವಿವರಣೆ ಕಡಿಮೆ. ಅದಕ್ಕೊಂದು ಸ್ಟಾರ್ ಕಟ್: ಐದಕ್ಕೆ ನಾಲ್ಕು.