ನಾಚ್, ಪೀಪ್, ರಿಂಗ್: ಝೀರೋ ಮಾಡಲು ಕೂತಾಗ ಯಾವುದು ಮೇಲು?

ರೈಫಲ್‌ನ ಕಬ್ಬಿಣದ ಸೈಟ್‌ಗಳ (ಗುರಿ ಹಿಡಿಯಲು ಹಿಂದೊಂದು ಮುಂದೊಂದು ಕೂರಿಸುವ ಭಾಗಗಳ) ಬಗ್ಗೆ ಮಾತು ಶುರುವಾದರೆ ಎಲ್ಲರೂ ಕೇಳುವುದು ಒಂದೇ, ಯಾವುದರಲ್ಲಿ ಗುರಿ ಚೆನ್ನಾಗಿ ಕಾಣುತ್ತದೆ ಎಂದು. ಝೀರೋ ಮಾಡುವಾಗ, ಅಂದರೆ ಗುಂಡು ಬೇಕಾದ ಜಾಗಕ್ಕೇ ಬೀಳುವಂತೆ ಸೈಟ್ ಹೊಂದಿಸುವಾಗ, ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ. ಸೈಟನ್ನು ಸರಿಸಿದಾಗ ಎಷ್ಟು ಸರಿಸಿದೆ ಎಂದು ಅಳೆಯಲು ಬರುತ್ತದೆಯೇ? ಬೇಕೆಂದಾಗ ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಲು ಬರುತ್ತದೆಯೇ? ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ಪಾಯಿಂಟ್ ಟೂ ಟೂ (.22 ಇಂಚು ಗುಂಡಿನ) ರೈಫಲ್‌ಗೆ ಮೂರು ಜೋಡಣೆ ಹಾಕಿ, ಮರಳುಚೀಲದ ಮೇಲಿಟ್ಟು, 50 ಮೀಟರ್‌ನಲ್ಲಿ ಹೊಡೆದು ನೋಡಿದ್ದೇನೆ. ಮೊದಲನೆಯದು ನಳಿಗೆಯ ಮೇಲೆ ಕೂರುವ ತೆರೆದ ನಾಚ್, ಅಂದರೆ ಮೇಲ್ಬದಿ ತೆರೆದ ಕಚ್ಚು. ಎರಡನೆಯದು ರಿಸೀವರ್‌ನ (ನಳಿಗೆಯ ಹಿಂದೆ ಬೋಲ್ಟ್ ಕೂರುವ ಭಾಗದ) ಹಿಂತುದಿಯಲ್ಲಿ ಪೀಪ್ ಎಂಬ ಸಣ್ಣ ತೂತಿನ ಸೈಟ್, ಮುಂದೆ ಪೋಸ್ಟ್ ಎಂಬ ನೆಟ್ಟಗೆ ನಿಂತ ಕಡ್ಡಿ. ಮೂರನೆಯದು ಅದೇ ಪೀಪ್, ಮುಂದೆ ಪೋಸ್ಟ್ ಬದಲು ರಿಂಗ್.

ನಾಚ್‌ನ ತೊಂದರೆ ಲೆಕ್ಕದಲ್ಲೇ ಇದೆ. ಗುಂಡು ಎಷ್ಟು ತಪ್ಪಿದೆಯೋ ಅದನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿದರೆ ಸೈಟ್ ಎಷ್ಟು ಸರಿಯಬೇಕು ಎಂಬುದು ಸಿಗುತ್ತದೆ. ನನ್ನ ರೈಫಲ್‌ನಲ್ಲಿ ನಾಚ್‌ನಿಂದ ಮುಂದಿನ ಸೈಟ್‌ವರೆಗೆ 400 ಮಿ.ಮೀ. ಹಾಗಾಗಿ ನಾಚ್ 1 ಮಿ.ಮೀ. ಸರಿದರೆ 50 ಮೀಟರ್‌ನಲ್ಲಿ ಗುಂಡು 12.5 ಸೆಂ.ಮೀ. ಸರಿಯುತ್ತದೆ. ಒಂದು ಕಾಗದದ ದಪ್ಪ, ಅಂದರೆ 0.1 ಮಿ.ಮೀ. ಸರಿದರೆ 12.5 ಮಿ.ಮೀ. 50 ಮೀಟರ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತರ ವೃತ್ತದ ವ್ಯಾಸವೇ 10.4 ಮಿ.ಮೀ. ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎಕೆಎಂ ರೈಫಲ್‌ನಲ್ಲಿ ಈ ಅಂತರ 378 ಮಿ.ಮೀ.; ಅಲ್ಲಿ ಮುಂದಿನ ಪೋಸ್ಟ್ ಪಕ್ಕಕ್ಕೆ 1 ಮಿ.ಮೀ. ಸರಿದರೆ 100 ಮೀಟರ್‌ನಲ್ಲಿ ಗುಂಡು 26 ಸೆಂ.ಮೀ. ಆಚೆ ಬೀಳುತ್ತದೆ.

ಇಷ್ಟು ಸೂಕ್ಷ್ಮ ಕೆಲಸವನ್ನು ನಾಚ್‌ನಲ್ಲಿ ಸುತ್ತಿಗೆಯಿಂದ ಮಾಡಬೇಕು. ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಂಡು, ಬೋಲ್ಟ್ ತೆಗೆದು ಪಕ್ಕಕ್ಕಿಟ್ಟು, ಹಿತ್ತಾಳೆಯ ಪಂಚ್ ಹಿಡಿದು ಡವ್‌ಟೇಲ್‌ನಲ್ಲಿ (ಓರೆ ಅಂಚಿನ ಅಡ್ಡ ಗಾಡಿಯಲ್ಲಿ) ಕೂತ ಸೈಟನ್ನು ತಟ್ಟುವುದು. ಮೊದಲೇ ಸೈಟ್‌ನ ಬುಡಕ್ಕೂ ನಳಿಗೆಗೂ ಸೇರಿಸಿ ಚೂಪು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತೇನೆ. ಒಂದು ಪೆಟ್ಟು, ಗೆರೆ ಅಲ್ಲೇ ಇದೆ. ಇನ್ನೊಂದು, ಆಗಲೂ ಅಲ್ಲೇ. ಮೂರನೆಯದಕ್ಕೆ ಗೆರೆಯ ಎರಡು ತುಂಡುಗಳ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಆದರೆ ಅಷ್ಟರಲ್ಲಿ ಗುಂಡು ಹತ್ತರ ವೃತ್ತ ದಾಟಿ ಆಚೆ ಬದಿಗೆ ಹೋಗಿರುತ್ತದೆ. ಬಿಗಿಯಾಗಿ ಕೂತ ಲೋಹ ಮೆಲ್ಲಗೆ ಜಾರುವುದಿಲ್ಲ, ತಡೆದು ತಡೆದು ಒಮ್ಮೆಲೇ ಜಿಗಿಯುತ್ತದೆ. ಒತ್ತುವ ಸ್ಕ್ರೂ ಇರುವ ಸೈಟ್ ಪುಷರ್ ಬಳಸಿದರೆ ಜಿಗಿತ ಕಡಿಮೆಯಾಗುತ್ತದೆ, ನನ್ನ ಆಯ್ಕೆ ಯಾವಾಗಲೂ ಅದೇ. ಎತ್ತರದ ಕಥೆ ಇನ್ನೂ ಒರಟು. ಹಿಂದಿನ ಸೈಟ್‌ನ ಮೆಟ್ಟಿಲು ಒಂದೊಂದು ಏರಿಸಿದರೂ ಗುಂಡು ದೊಡ್ಡ ಹೆಜ್ಜೆಯಲ್ಲೇ ಏರುತ್ತದೆ. ಎರಡು ಮೆಟ್ಟಿಲಿನ ನಡುವಿನ ಜಾಗ ಬೇಕಾದರೆ ಅರವೇ ಗತಿ.

ಕಣ್ಣಿನ ವಿಷಯವೂ ಇದೆ. ನಾಚ್, ಪೋಸ್ಟ್, ಗುರಿ ಮೂರೂ ಬೇರೆ ಬೇರೆ ದೂರದಲ್ಲಿರುತ್ತವೆ, ಕಣ್ಣು ಒಂದನ್ನು ಮಾತ್ರ ಚೂಪಾಗಿ ಹಿಡಿಯಬಲ್ಲದು. ಅದು ಪೋಸ್ಟ್ ಆಗಿರಬೇಕು ಎಂಬುದರಲ್ಲಿ ಅನುಭವಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ಆಗ ಮಬ್ಬಾದ ನಾಚ್‌ನ ಅಂಚಿಗೆ ಪೋಸ್ಟ್‌ನ ತಲೆ ಸಮವಾಗಿದೆಯೋ ಇಲ್ಲವೋ ಎಂದು ಅಂದಾಜು ಮಾಡಬೇಕಾಗುತ್ತದೆ. ನನ್ನ ಗ್ರೂಪ್‌ಗಳು (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪುಗಳು) ನಾಚ್‌ನಲ್ಲಿ ಮೇಲಿಂದ ಕೆಳಕ್ಕೆ ಉದ್ದುದ್ದ ಬಿದ್ದದ್ದು ಇದರಿಂದಲೇ. ನಲವತ್ತು ದಾಟಿ ಹತ್ತಿರದ ದೃಷ್ಟಿ ಸೋತವರಿಗೆ ಈ ಕಷ್ಟ ಇಮ್ಮಡಿ.

ಪೀಪ್ ಹಾಕಿದೊಡನೆ ಆ ಉದ್ದುದ್ದ ಗ್ರೂಪ್ ದುಂಡಗಾಯಿತು. ಸಣ್ಣ ತೂತಿನಿಂದ ನೋಡುವಾಗ ಪೋಸ್ಟೂ ಗುರಿಯೂ ಹೆಚ್ಚುಕಡಿಮೆ ಒಟ್ಟಿಗೇ ಸ್ಪಷ್ಟವಾಗುತ್ತವೆ, ತೂತನ್ನು ನೋಡುವ ಕೆಲಸವೇ ಇಲ್ಲ. ಪೋಸ್ಟ್‌ನ ತುದಿಯನ್ನು ತೂತಿನ ನಡುಮಧ್ಯಕ್ಕೆ ತರುವುದು ಕಣ್ಣಿಗೆ ತಾನಾಗಿ ಬರುವ ಅಭ್ಯಾಸ. ಸೇನೆಗಳೂ ಇದೇ ದಾರಿಯಲ್ಲಿ ಸಾಗಿದವು. ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲ್‌ನ 1907ರ ಮಾರ್ಕ್ 3ರಲ್ಲಿ ನಳಿಗೆಯ ಮೇಲೆ ಯು ಆಕಾರದ ನಾಚ್ ಇತ್ತು. ಎರಡನೇ ಮಹಾಯುದ್ಧದ ಕಾಲದ ನಂಬರ್ 4ರಲ್ಲಿ ಅದನ್ನು ತೆಗೆದು ರಿಸೀವರ್‌ನ ಹಿಂದೆ ಪೀಪ್ ಕೂರಿಸಿದರು. ಹಿಂದಕ್ಕೆ ಹೋದಷ್ಟೂ ಸೈಟ್‌ಗಳ ನಡುವಿನ ಅಂತರ ಬೆಳೆಯುತ್ತದೆ. ನನ್ನ ರೈಫಲ್‌ನಲ್ಲಿ 400 ಇದ್ದದ್ದು 700 ಮಿ.ಮೀ. ಆಯಿತು, ಅದೇ 0.1 ಮಿ.ಮೀ. ತಪ್ಪಿಗೆ ಗುಂಡು 12.5ರ ಬದಲು ಸುಮಾರು 7 ಮಿ.ಮೀ. ಮಾತ್ರ ಸರಿಯುತ್ತದೆ.

ಆದರೆ ನನ್ನನ್ನು ಪೂರ್ತಿ ಒಲಿಸಿಕೊಂಡದ್ದು ಅದರ ಕ್ಲಿಕ್, ಅಂದರೆ ಹೊಂದಿಸುವ ಸ್ಕ್ರೂ ತಿರುಗಿಸಿದಾಗ ಟಕ್ಕೆಂದು ನಿಲ್ಲುವ ಒಂದೊಂದು ಹೆಜ್ಜೆ. ನನ್ನ ಪೀಪ್‌ನಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಮಿನಿಟ್ ಕೋನ (ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು), 50 ಮೀಟರ್‌ನಲ್ಲಿ ಸುಮಾರು 3.6 ಮಿ.ಮೀ. ಐದು ಗುಂಡಿನ ಗ್ರೂಪ್ ಹೊಡೆದು, ಅದರ ನಡುಬಿಂದು 29 ಮಿ.ಮೀ. ಕೆಳಗಿದ್ದರೆ ಎಂಟು ಕ್ಲಿಕ್ ಮೇಲೆ. ಮುಗಿಯಿತು. ಹಿಂದಿನ ಸೈಟ್ ಯಾವ ಕಡೆ ಹೋಗುತ್ತದೋ ಗುಂಡೂ ಅದೇ ಕಡೆ ಹೋಗುತ್ತದೆ. ಮುಂದಿನದಾದರೆ ತದ್ವಿರುದ್ಧ, ಪೋಸ್ಟ್ ತಗ್ಗಿಸಿದರೆ ಗುಂಡು ಏರುತ್ತದೆ. ಒಂದೇ ಗುಂಡು ನೋಡಿ ಸ್ಕ್ರೂ ತಿರುಗಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಗುಂಡು ಗ್ರೂಪ್‌ನ ಯಾವ ಅಂಚಿನದು ಎಂದು ಯಾರಿಗೆ ಗೊತ್ತು?

ಹೊಸ ಪೀಪ್ ಕೈಗೆ ಬಂದಾಗ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ. ಒಂದು ಗ್ರೂಪ್ ಹೊಡೆದು 20 ಕ್ಲಿಕ್ ಮೇಲೆ, ಇನ್ನೊಂದು ಹೊಡೆದು 20 ಬಲಕ್ಕೆ, ಮತ್ತೆ 20 ಕೆಳಗೆ, 20 ಎಡಕ್ಕೆ. ಗುರಿಹಾಳೆಯ ಮೇಲೆ ಸುಮಾರು 7 ಸೆಂ.ಮೀ. ಬದಿಯ ಚೌಕ ಮೂಡಿ, ಕೊನೆಯ ಗ್ರೂಪ್ ಮೊದಲನೆಯದರ ಮೇಲೇ ಕೂರಬೇಕು. ಕೂರದಿದ್ದರೆ ಸ್ಕ್ರೂವಿನಲ್ಲಿ ಸಡಿಲ ಇದೆ. ಸ್ವಲ್ಪ ಸಡಿಲ ಹಲವು ಸೈಟ್‌ಗಳಲ್ಲಿ ಇರುತ್ತದೆ, ದಿಕ್ಕು ಬದಲಿಸಿದಾಗ ಮೊದಲ ಒಂದೆರಡು ಕ್ಲಿಕ್ ಬರೀ ಶಬ್ದವಾಗಿ ಹೋಗುತ್ತದೆ. ಅದಕ್ಕೆ ಬೇಕಾದ ಅಂಕಿಯಿಂದ ನಾಲ್ಕು ಕ್ಲಿಕ್ ಹಿಂದಕ್ಕೆ ಹೋಗಿ, ಯಾವಾಗಲೂ ಒಂದೇ ದಿಕ್ಕಿನಿಂದ ಆ ಅಂಕಿಗೆ ಬಂದು ನಿಲ್ಲಿಸಿದರೆ ಸಾಕು. ಪಂಚ್ ಹೊಡೆದು ಸರಿಸುವ ನಾಚ್‌ನಲ್ಲಿ ಈ ಪರೀಕ್ಷೆ ಮಾಡುವ ಮಾತೇ ಇಲ್ಲ, ನನ್ನ ತೀರ್ಮಾನ ಅಲ್ಲೇ ಆಗಿಹೋಯಿತು.

ಇನ್ನು ಮುಂದುಗಡೆ ಪೋಸ್ಟೋ ರಿಂಗೋ? ಪೋಸ್ಟ್ ಹಾಕಿದವರು ಕಪ್ಪು ವೃತ್ತದ ಬುಡಕ್ಕೆ, ಗಡಿಯಾರದ ಆರರ ಜಾಗಕ್ಕೆ ಹಿಡಿದು ಝೀರೋ ಮಾಡುವುದು ರೂಢಿ. ಕಪ್ಪಿನ ಮೇಲೆ ಕಪ್ಪು ಪೋಸ್ಟ್ ಕಾಣದು, ಬಿಳಿಯ ಮೇಲೆ ಚೆನ್ನಾಗಿ ಕಾಣುತ್ತದೆ. 50 ಮೀಟರ್ ಹಾಳೆಯ ಕಪ್ಪು 112.4 ಮಿ.ಮೀ. ಅಗಲ, ಅಂದರೆ ಗುಂಡು ಪೋಸ್ಟ್‌ನ ತುದಿಗಿಂತ 56 ಮಿ.ಮೀ. ಮೇಲೆ ಬೀಳುವಂತೆ ಝೀರೋ ಆಗಿರುತ್ತದೆ. ಅದೇ ದೂರದಲ್ಲಿ ಚಿಕ್ಕ ಕಪ್ಪಿನ ಬೇರೆ ಹಾಳೆ ಹಾಕಿದರೆ ಗುಂಡೆಲ್ಲ ಮೇಲೆ. ಹಾಗಾಗಿ ಹಿಡಿಯುವ ಜಾಗ ಮೊದಲು ನಿಶ್ಚಯವಾಗಬೇಕು, ಸ್ಕ್ರೂ ಆಮೇಲೆ. ಗುರಿಯ ಗಾತ್ರ ಬದಲಾಗುತ್ತಲೇ ಇರುತ್ತದೆ ಎಂದಾದರೆ ತುದಿಗೇ ಗುಂಡು ಬೀಳುವಂತೆ ಝೀರೋ ಮಾಡುವುದು ವಾಸಿ.

ರಿಂಗ್‌ಗೆ ಆ ಜಂಜಾಟವಿಲ್ಲ. ಕಪ್ಪು ವೃತ್ತದ ಸುತ್ತ ಬಿಳಿ ಪಟ್ಟಿ, ಅದರ ಸುತ್ತ ರಿಂಗ್, ಅದರ ಸುತ್ತ ಪೀಪ್. ವೃತ್ತದೊಳಗೆ ವೃತ್ತ, ತುಸು ವಾರೆಯಾದರೂ ಕಣ್ಣಿಗೆ ಚುಚ್ಚುತ್ತದೆ. ನನ್ನ ಅತಿ ಬಿಗಿಯಾದ ಗ್ರೂಪ್‌ಗಳು ಬಂದದ್ದು ಇದರಲ್ಲೇ. ರಿಂಗ್ ತೀರ ಚಿಕ್ಕದಾಗಿ ಬಿಳಿ ಪಟ್ಟಿ ಎಳೆಯಷ್ಟಾದರೆ ಮಾತ್ರ ಕಣ್ಣು ಅಲ್ಲೇ ಹುಡುಕಾಡಿ ಟ್ರಿಗರ್ ಒತ್ತುವುದು ತಡವಾಗುತ್ತದೆ. ಅನುಮಾನವಿದ್ದರೆ ಒಂದು ಅಳತೆ ದೊಡ್ಡದೇ ಹಾಕಿ. ರೈಫಲ್ ಪಕ್ಕಕ್ಕೆ ವಾಲಿದರೆ ಗುಂಡು ವಾಲಿದ ಕಡೆಗೂ ಕೆಳಕ್ಕೂ ಹೋಗುತ್ತದೆ, ದುಂಡು ರಿಂಗ್ ಅದನ್ನು ಹೇಳುವುದಿಲ್ಲ. ಎರಡು ಬದಿಗೆ ಅಡ್ಡಪಟ್ಟಿ ಇರುವ ರಿಂಗ್ ಆರಿಸುವುದು ಇದಕ್ಕೇ. ಮತ್ತೆ, ದುಂಡು ಕಪ್ಪಲ್ಲದ ಯಾವ ಗುರಿಗೂ ರಿಂಗ್ ಅಷ್ಟಾಗಿ ಒಗ್ಗುವುದಿಲ್ಲ.

ಬೆಳಕು ಕುಗ್ಗಿದಾಗ ನಾಚ್ ಗೆಲ್ಲುತ್ತದೆ, ಇದನ್ನು ಒಪ್ಪಲೇಬೇಕು. 1 ಮಿ.ಮೀ. ಚಿಲ್ಲರೆ ತೂತಿನಲ್ಲಿ ಸಂಜೆ ಏನೂ ಕಾಣದಿರುವಾಗ ತೆರೆದ ನಾಚ್‌ನಲ್ಲಿ ಇನ್ನೂ ಪೋಸ್ಟ್ ಕಾಣುತ್ತಿರುತ್ತದೆ. ಬಿಸಿಲು ಜೋರಾಗಿ ಒಂದು ಪಕ್ಕದಿಂದ ಬಿದ್ದಾಗ ಮಾತ್ರ ತೆರೆದ ಪೋಸ್ಟ್ ಮೋಸ ಮಾಡುತ್ತದೆ. ಹೊಳೆಯುವ ಅಂಚನ್ನೇ ಕಣ್ಣು ಪೋಸ್ಟ್ ಎಂದು ಹಿಡಿಯುವುದರಿಂದ ಗುಂಡು ಬೆಳಕಿನಿಂದ ದೂರಕ್ಕೆ ಸರಿಯುತ್ತದೆ. ಆ ಹೊತ್ತಿನಲ್ಲಿ ಝೀರೋ ಮಾಡಿದರೆ ಮೋಡ ಬಂದೊಡನೆ ಕೆಡುತ್ತದೆ. ಪೋಸ್ಟ್‌ಗೆ ಹೊಗೆಯ ಮಸಿ ಹಿಡಿಸಿದರೆ ಹೊಳಪು ಹೋಗುತ್ತದೆ, ಸುತ್ತ ಕೊಳವೆಯಂಥ ಮುಚ್ಚಿಗೆ ಇದ್ದರೆ ಇನ್ನೂ ಒಳ್ಳೆಯದು.

ಹಾಗಾಗಿ ದುಂಡು ಕಪ್ಪಿಗೆ ಪೀಪ್ ಮತ್ತು ರಿಂಗ್, ಉಳಿದೆಲ್ಲಕ್ಕೂ ಪೀಪ್ ಮತ್ತು ಪೋಸ್ಟ್ ಎಂಬುದು ನನ್ನ ಆಯ್ಕೆ. ರೈಫಲ್‌ನಲ್ಲಿ ಪೀಪ್ ಕೂರಿಸಲು ಜಾಗವೇ ಇಲ್ಲದೆ ನಾಚೇ ಗತಿಯಾದವರು ಹಿಂದಿನ ಸೈಟ್ ಮುಟ್ಟುವ ಮೊದಲು ಮುಂದಿನ ಬ್ಲೇಡ್ (ಪೋಸ್ಟ್‌ನಂತೆ ನಿಲ್ಲುವ ತೆಳು ಪಟ್ಟಿ) ಬದಲಿಸಿ ನೋಡಿ. ಬೇಕಾದದ್ದಕ್ಕಿಂತ ಎತ್ತರದ ಬ್ಲೇಡ್ ಹಾಕಿದರೆ ಗುಂಡು ಕೆಳಗೆ ಬೀಳುತ್ತದೆ. ಆಮೇಲೆ ಮೇಲಿನ ಲೆಕ್ಕದಂತೆ ಎಷ್ಟು ತೆಗೆಯಬೇಕೆಂದು ಕ್ಯಾಲಿಪರ್‌ನಲ್ಲಿ ಅಳೆದು, ಅದರ ಮುಕ್ಕಾಲು ಪಾಲು ಮಾತ್ರ ಅರದಿಂದ ಉಜ್ಜಿ, ಮತ್ತೊಂದು ಗ್ರೂಪ್ ಹೊಡೆದು ಉಳಿದದ್ದನ್ನು ತೆಗೆಯಿರಿ. ಮೊದಲ ಗ್ರೂಪ್ 25 ಮೀಟರ್‌ನಲ್ಲಾದರೂ ಸರಿ, ಹಾಳೆ ಸಿಗುತ್ತದೆ. ಕೊನೆಯ ಅರ ಮಾತ್ರ ನೀವು ನಿಜವಾಗಿ ಹೊಡೆಯುವ ದೂರದಲ್ಲಿ, ಮುಂದೆಯೂ ಬಳಸುವ ಅದೇ ಗುಂಡಿನ ಪೆಟ್ಟಿಗೆಯಿಂದ ಹೊಡೆದು ನೋಡಿದ ಮೇಲೆ.