ಫೋಮ್, ಪೇಪರ್, ಕಾಟನ್: ಡರ್ಟ್ ಬೈಕಿಗೆ ಯಾವ ಏರ್ ಫಿಲ್ಟರ್?

ಮೂರರಲ್ಲಿ ಯಾವುದು ಅನ್ನೋದು ನೀವು ಓಡಿಸೋ ಧೂಳಿನ ಮೇಲೆ ನಿಂತಿದೆ.

ಖರ್ಚು ನೋಡಿದರೆ ಪೇಪರ್ ಮೊದಲಿಗೆ ಅಗ್ಗ, ಆದರೆ ತೊಳೆಯೋ ಹಾಗಿಲ್ಲ. ಕೆಟ್ಟರೆ ಹೊಸದೇ ಹಾಕಬೇಕು. ಫೋಮ್ ಮತ್ತು ಕಾಟನ್ ತೊಳೆದು ಮತ್ತೆ ಮತ್ತೆ ಬಳಸಬಹುದು.

ಧೂಳು ತಡೆಯೋದರಲ್ಲಿ, ಟ್ರೇಲ್ ಮತ್ತು ರೇಸಿಗೆ ಎಣ್ಣೆ ಹಚ್ಚಿದ ಫೋಮನ್ನೇ ನಾವು ಹೇಳೋದು. ಅಂಟು ಎಣ್ಣೆಗೆ ಧೂಳು ಫೋಮಿನ ಇಡೀ ದಪ್ಪದಲ್ಲೂ ಹಿಡಿಯುತ್ತೆ, ಗಾಳಿಯೂ ಬೇಗ ಕಟ್ಟಲ್ಲ. ಕಾಟನ್‌ನಲ್ಲಿ ಗಾಳಿ ಸಲೀಸು, ಆದರೆ ಸಕಲೇಶಪುರದ ಕಡೆಯ ಬೇಸಿಗೆಯ ಕೆಂಪು ಹಿಟ್ಟಿನಂಥ ಧೂಳಿಗೆ ಅದನ್ನು ನೆಚ್ಚಬೇಡಿ.

ಶ್ರಮ ಹೆಚ್ಚು ಫೋಮಿಗೇ. ಪೆಟ್ರೋಲಲ್ಲಿ ತೊಳೆದರೆ ಅಂಟಿಸಿದ ಜೋಡಣೆ ಬಿಡುತ್ತೆ, ಬೆಂಕಿಯ ಭಯ ಬೇರೆ. ಫಿಲ್ಟರ್ ಕ್ಲೀನರ್, ಆಮೇಲೆ ಬೆಚ್ಚನೆಯ ಸೋಪಿನ ನೀರು. ಅದುಮಿ ನೀರು ತೆಗೆಯಿರಿ; ಹಿಂಡಿ ತಿರುಚಬೇಡಿ, ಫೋಮ್ ಹರಿದುಹೋಗುತ್ತೆ. ನೆರಳಲ್ಲಿ ಪೂರ್ತಿ ಒಣಗಿಸಿ, ಫೋಮ್ ಫಿಲ್ಟರ್ ಎಣ್ಣೆ ಎಲ್ಲೆಡೆ ಒಂದೇ ಬಣ್ಣ ಬರೋವರೆಗೆ ಹಚ್ಚಿ, ಹೆಚ್ಚಿದ್ದನ್ನು ಅದುಮಿ ತೆಗೆಯಿರಿ. ಅಂಚಿಗೆ ತೆಳುವಾಗಿ ಗ್ರೀಸ್. ಫಿಲ್ಟರ್ ತೆಗೆದಾಗ ಇನ್‌ಟೇಕ್ ಬಾಯಿಗೆ, ಅಂದರೆ ಎಂಜಿನ್ನಿಗೆ ಗಾಳಿ ಹೋಗೋ ದಾರಿಗೆ, ಬಟ್ಟೆ ತುರುಕೋದು ಮರೀಬೇಡಿ. ಆ ಬಾಯಿಯ ಒಳಗೆ ಬೆರಳಾಡಿಸಿದಾಗ ಮಣ್ಣು ಸಿಕ್ಕಿದರೆ ಸೀಲ್ (ಫಿಲ್ಟರ್ ಅಂಚು ಬಿಗಿಯಾಗಿ ಕೂರೋ ಜಾಗ) ಸೋರುತ್ತಿದೆ.

ಧೂಳಿನ ರೈಡ್ ಮುಗಿದ ಪ್ರತಿಸಲ ತೊಳೆಯೋಕೆ ತಯಾರಿದ್ದರೆ ಫೋಮ್, ಎರಡು ಇಟ್ಟುಕೊಳ್ಳಿ. ವಾರಪೂರ್ತಿ ಡಾಂಬರು, ಅಪರೂಪಕ್ಕೆ ಮಣ್ಣು ಅನ್ನೋರಿಗೆ ಪೇಪರ್ ಸಾಕು. ಕಾಟನ್, ಡಾಂಬರಿನಲ್ಲೇ ಹೆಚ್ಚು ಓಡಿಸಿ ತೊಳೆದು ಬಳಸೋ ಫಿಲ್ಟರೇ ಬೇಕು ಅನ್ನೋರಿಗೆ.