ಬೆಕ್ಕನ್ನು ಗೇಟಿನಲ್ಲಿ ಒಪ್ಪಿಸಿ ಬರಬೇಡಿ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕ ಒಂದು ನೋಟಿಸ್ ಅಂಟಿಸಿದ್ದರು. ಪಾಲಿಕೆ ನಿಯಮದ ಪ್ರಕಾರ ಒಂದು ಫ್ಲಾಟಿಗೆ ಒಂದೇ ಪ್ರಾಣಿ, ಜಾಸ್ತಿ ಇದ್ದರೆ 15 ದಿನದಲ್ಲಿ ಸಾಗಿಸಿ ಅಂತ. ನಮ್ಮಲ್ಲಿ ಎರಡು ಬೆಕ್ಕಿದ್ದವು, ಕೆಂಚಿ ಮತ್ತು ಕರಿಯ. ಯಾವ ನಿಯಮ ಅಂತ ಕೇಳುವ ಬದಲು ಹೆದರಿಬಿಟ್ಟೆ.

ಪರಿಚಯದವರು ಒಂದು ನಂಬರ್ ಕೊಟ್ಟರು. ಬೆಂಗಳೂರಿನ ಹೊರಗೆ ಒಬ್ಬ ಆಂಟಿ, ಬೀದಿ ಬೆಕ್ಕುಗಳನ್ನು ಸಾಕುತ್ತಾರೆ, ಯಾರಿಗೂ ಇಲ್ಲ ಅನ್ನಲ್ಲ ಅಂದರು. ಅದನ್ನು ಆಗ ಒಳ್ಳೆಯತನ ಅಂದುಕೊಂಡೆ. ತಿಂಗಳಿಗೆ 2,500 ರೂಪಾಯಿ. ಗೇಟಿನಲ್ಲೇ ಕೆಂಚಿ ಇದ್ದ ಬುಟ್ಟಿ ಇಸಿದುಕೊಂಡು, "ಹೊಸಬರನ್ನ ನೋಡಿದ್ರೆ ನನ್ನ ಮಕ್ಕಳು ಹೆದರ್ತಾವೆ, ಒಳಗೆ ಬರೋದು ಬೇಡಮ್ಮ" ಅಂದರು. ಸರಿ ಅಂತ ವಾಪಸ್ ಬಂದೆ.

ವಾರಕ್ಕೊಂದು ಫೋಟೋ ಬರುತ್ತಿತ್ತು. ಐದನೆಯದು ಬಂದಾಗ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಹಸಿರು ಟವೆಲ್, ಅದೇ ಮಡಿಕೆ, ಅದೇ ಬಿಸಿಲು. ಎಲ್ಲಾ ಒಂದೇ ದಿನ ತೆಗೆದಿದ್ದು. ಮಾರನೇ ದಿನ ಹೇಳದೆ ಹೋದೆ.

ಬಾಗಿಲು ತೆಗೆದಾಗ ಉಚ್ಚೆಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಎರಡು ರೂಮಿನಲ್ಲಿ 43ರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಪಂಜರದ ಮೇಲೆ ಪಂಜರ. ಮೇಲಿನದರ ಗಲೀಜು ಕೆಳಗಿದ್ದವುಗಳ ಮೈಮೇಲೆ ಸೋರುತ್ತಿತ್ತು. ನೀರಿನ ಬಟ್ಟಲಲ್ಲಿ ಲೋಳೆ. ಕೆಂಚಿಯ ಎರಡೂ ಕಣ್ಣು ಕೀವು ಕಟ್ಟಿ ಅಂಟಿಕೊಂಡಿದ್ದವು. ನನ್ನ ದನಿ ಕೇಳಿ ಸರಳಿಗೆ ಮುಖ ಉಜ್ಜಿದಳು.

ಆಂಟಿ ಕ್ರೂರಿ ಅಲ್ಲ. ಅವರೂ ಸರಿಯಾಗಿ ಊಟ ಮಾಡಿದಂತೆ ಕಾಣಲಿಲ್ಲ. ಹೀಗೆ ಪ್ರಾಣಿಗಳನ್ನು ಕೂಡಿಹಾಕುತ್ತಾ ಹೋಗುವುದನ್ನು ಮನೋವೈದ್ಯರು ಕಾಯಿಲೆಯ ಲಕ್ಷಣ ಅಂತಲೇ ನೋಡುತ್ತಾರೆ. ಆದರೆ ಒಳಗೆ ನರಳುವವು ಬೆಕ್ಕುಗಳಲ್ವಾ?

ಆಮೇಲೆ ಕಾನೂನು ಓದಿದೆ. ಬೆಂಗಳೂರು ಪಾಲಿಕೆ (ಬಿಬಿಎಂಪಿ) 2018ರಲ್ಲಿ ತಂದ ನಿಯಮ ಫ್ಲಾಟಿಗೆ ಒಂದು, ಸ್ವಂತ ಮನೆಗೆ ಮೂರು ಅಂದಿದ್ದು ನಾಯಿಗಳಿಗೆ. ಜನ ವಿರೋಧಿಸಿದ ಮೇಲೆ ಅದನ್ನೂ ತಡೆಹಿಡಿದರು. ಬಹುಮತ ಇದ್ದರೂ ಅಸೋಸಿಯೇಷನ್‌ನವರು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಯಾರಾದರೂ ನಿಯಮ ಅಂದರೆ ಅದರ ಪ್ರತಿ ಕೇಳಿ. ಬರಹದಲ್ಲೇ ಕೇಳಿ. ನಾನು ಕೇಳಿದ್ದರೆ ಕೆಂಚಿ ಮನೆಯಲ್ಲೇ ಇರುತ್ತಿದ್ದಳು.

ಇಂಥ ಮನೆ ಕಣ್ಣಿಗೆ ಬಿದ್ದರೆ ದೂರಿನಲ್ಲಿ ಎಷ್ಟಿವೆ ಅನ್ನುವುದಕ್ಕಿಂತ ಹೇಗಿವೆ ಅಂತ ಬರೆಯಿರಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇಕ್ಕಟ್ಟಾದ ಪಂಜರವೂ ಅಪರಾಧ, ಸಾಕಷ್ಟು ಅನ್ನ ನೀರು ಕೊಡದಿರುವುದೂ ಅಪರಾಧ. ಮೊದಲ ಸಲ ತಪ್ಪಿಗೆ ದಂಡ ಬರೀ 10ರಿಂದ 50 ರೂಪಾಯಿ. ಓದಿದಾಗ ಹೊಟ್ಟೆ ಉರಿಯಿತು. ಆದರೂ ದೂರು ಕೊಡಿ, ಶಿಕ್ಷೆಯಾದರೆ ಪ್ರಾಣಿಯನ್ನು ಅವರಿಂದ ಬಿಡಿಸುವ ಅಧಿಕಾರ ಕೋರ್ಟಿಗಿದೆ.

ಪ್ರಾಣಿ ಬಿಡಲೇಬೇಕಾದ ಪರಿಸ್ಥಿತಿ ಬಂದರೆ ಹಿಂದಿನ ರೂಮಿನವರೆಗೂ ಹೋಗಿ ನೋಡಿ. ಲಸಿಕೆ ಕಾರ್ಡ್ ಕೇಳಿ, ಯಾವ ಡಾಕ್ಟರ್ ಹತ್ತಿರ ಹೋಗುತ್ತಾರೆ ಅಂತ ಕೇಳಿ ಅವರಿಗೇ ಫೋನ್ ಮಾಡಿ. "ಜಾಗ ಇಲ್ಲ" ಅಂತ ಹೇಳಬಲ್ಲವರನ್ನೇ ಹುಡುಕಿ.

ಕೆಂಚಿಗೆ ಒಂದು ಕಣ್ಣು ಉಳಿಯಿತು. ನಾನು ದೂರು ಕೊಟ್ಟಿದ್ದೇನೆ, ಉಳಿದ ಬೆಕ್ಕುಗಳು ಇನ್ನೂ ಅಲ್ಲೇ ಇವೆ. ನೀವೂ ಯಾರಿಗಾದರೂ ಹೀಗೆ ಬೆಕ್ಕು ಒಪ್ಪಿಸಿ ಫೋಟೋ ನೋಡುತ್ತಾ ಕೂತಿದ್ದರೆ, ನಾಳೆಯೇ ಹೇಳದೆ ಹೋಗಿ.